ಹಳೆಯ ಫೈಲ್ ಏನಾಯಿತು? ಆಪಲ್ ‘ಸೇವ್ ಆ್ಯಸ್’ ತೆಗೆದು ಮತ್ತೆ ತಂದ ಪ್ರಕರಣ

2011ರ ಜುಲೈ 20ರಂದು ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ 10.7ನೇ ಆವೃತ್ತಿಯ ಆಪರೇಟಿಂಗ್ ಸಿಸ್ಟಂ ‘ಲಯನ್’ ಅನ್ನು ಬಿಡುಗಡೆ ಮಾಡಿತು. ಅದರಲ್ಲಿ ಮ್ಯಾಕ್ ಜೊತೆಗೇ ಬರುವ ಟೆಕ್ಸ್ಟ್‌ಎಡಿಟ್ (ಬರೆಯಲು) ಅಥವಾ ಪ್ರಿವ್ಯೂ (ಚಿತ್ರ, ಪಿಡಿಎಫ್ ನೋಡಲು) ತೆರೆದು ಫೈಲ್ ಮೆನು ಇಳಿಸಿದವರಿಗೆ, 1984ರ ಮೊದಲ ಮ್ಯಾಕಿಂಟಾಷ್‌ನಿಂದಲೂ ಇದ್ದ ‘ಸೇವ್ ಆ್ಯಸ್’ (ತೆರೆದ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸು) ಎಂಬ ಸಾಲು ಕಾಣಲಿಲ್ಲ. ಅದರ ಬದಲು ‘ಡೂಪ್ಲಿಕೇಟ್’ (ನಕಲು ಮಾಡು) ಇತ್ತು. ಒಮ್ಮೆ ಹೆಸರು ಕೊಟ್ಟು ಉಳಿಸಿದ ಕಡತದಲ್ಲಿ ‘ಸೇವ್’ ಕೂಡ ‘ಸೇವ್ ಎ ವರ್ಷನ್’ ಆಗಿತ್ತು. ವರ್ಷ ತುಂಬುತ್ತಿದ್ದಂತೆ, 2012ರ ಜುಲೈ 25ರಂದು ಬಂದ 10.8ರಲ್ಲಿ ‘ಸೇವ್ ಆ್ಯಸ್’ ಅರ್ಧ ಅಡಗಿಕೊಂಡ ಸ್ಥಿತಿಯಲ್ಲಿ ಮರಳಿತು. ಅದೇ ಸೆಪ್ಟೆಂಬರಿನಲ್ಲಿ 10.8.2 ಅದಕ್ಕೊಂದು ಚೆಕ್‌ಬಾಕ್ಸ್ ಸೇರಿಸಿತು.

ಮೇಲ್ನೋಟಕ್ಕೆ ಇದು ಒಂದು ಮೆನು ಸಾಲಿನ ವಿಷಯ. ಆದರೆ ಬಳಕೆದಾರರ ತಲೆಯಲ್ಲಿ ‘ಫೈಲ್’ ಎಂದರೆ ಏನು ಎಂಬುದನ್ನು ಮುಂದಿಟ್ಟುಕೊಂಡು ಮೆನು ರೂಪಿಸುವವರಿಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಬಳಕೆದಾರರ ಕಲ್ಪನೆಯ ಒಂದು ಭಾಗವನ್ನು ಆಪಲ್ ಬಹಳ ಸರಿಯಾಗಿ ಹಿಡಿದಿತ್ತು. ಇನ್ನೊಂದು ಭಾಗ ಅದರ ಕೈಗೆ ಸಿಕ್ಕಿರಲಿಲ್ಲ.

ಆಪಲ್ ಹಿಡಿದ ಎಳೆ

ಮೊದಲ ಮ್ಯಾಕಿಂಟಾಷ್‌ನಲ್ಲಿ 128 ಕಿಲೋಬೈಟ್ ಮೆಮೊರಿಯಿತ್ತು, 400 ಕಿಲೋಬೈಟ್ ಹಿಡಿಸುವ ಫ್ಲಾಪಿ ಇತ್ತು. ಫ್ಲಾಪಿಗೆ ಬರೆಯುವುದು ನಿಧಾನದ ಕೆಲಸ. ಹಾಗಾಗಿ ತೆರೆದ ಕಡತಕ್ಕೆ ಎರಡು ರೂಪ: ಡಿಸ್ಕಿನಲ್ಲಿ ಒಂದು, ಮೆಮೊರಿಯಲ್ಲಿ ಇನ್ನೊಂದು. ತಿದ್ದುಪಡಿಯೆಲ್ಲ ಮೆಮೊರಿಯ ಪ್ರತಿಯಲ್ಲಿ ನಡೆಯುತ್ತದೆ. ‘ಸೇವ್’ ಒತ್ತಿದಾಗ ಅದು ಡಿಸ್ಕಿನ ಪ್ರತಿಯ ಮೇಲೆ ಕೂರುತ್ತದೆ. ಯಂತ್ರದ ಈ ಅನಿವಾರ್ಯತೆಯೇ ಮೆನುವಿಗೆ ಇಳಿಯಿತು.

ಬಳಕೆದಾರರಿಗಾದರೋ ಕಾಣುವುದು ಒಂದೇ ಕಾಗದ, ಪರದೆಯ ಮೇಲಿರುವುದು. ಅದರ ಮೇಲೆ ಬರೆದದ್ದು ಬರೆದಂತೆಯೇ ಇರುತ್ತದೆ ಎಂಬುದು ಅವರ ಸಹಜ ನಂಬಿಕೆ. ‘ಬದಲಾವಣೆಗಳನ್ನು ಉಳಿಸಬೇಕೇ?’ ಎಂದು ಕಂಪ್ಯೂಟರ್ ಕೇಳಿದಾಗ ಹೊಸಬರು ತಬ್ಬಿಬ್ಬಾಗುವುದು ಇದರಿಂದಲೇ. ಮ್ಯಾಕಿಂಟಾಷ್‌ಗಿಂತ ಒಂದು ವರ್ಷ ಮೊದಲು, 1983ರಲ್ಲಿ ಬಂದ ಆಪಲ್‌ನದೇ ‘ಲಿಸಾ’ ಈ ನಂಬಿಕೆಗೆ ಹೆಚ್ಚು ಹತ್ತಿರವಿತ್ತು. ಅದರಲ್ಲಿ ‘ಪಕ್ಕಕ್ಕಿಡು’, ‘ಉಳಿಸಿ ಎತ್ತಿಡು’ ಎಂಬರ್ಥದ ಆಜ್ಞೆಗಳಿದ್ದವು. ಹೊಸ ಕಡತ ಬೇಕಾದರೆ ಖಾಲಿ ಹಾಳೆಗಳ ಪ್ಯಾಡಿನಿಂದ ಒಂದನ್ನು ಹರಿದುಕೊಳ್ಳಬೇಕಿತ್ತು. ದುಬಾರಿಯಾದ ಲಿಸಾ ಉಳಿಯಲಿಲ್ಲ. ಮ್ಯಾಕಿಂಟಾಷ್‌ನ ಮೆನು ಉಳಿಯಿತು, ಹರಡಿತು.

ಲಯನ್ ಹೊತ್ತಿಗೆ ಡಿಸ್ಕಿನ ವೇಗ ಒಂದು ಸಮಸ್ಯೆಯೇ ಆಗಿರಲಿಲ್ಲ. ಹಾಗಾಗಿ ಆಪಲ್ ಎರಡು ಪ್ರತಿಗಳ ವ್ಯವಸ್ಥೆಯನ್ನೇ ಮರೆಮಾಡಲು ಹೊರಟಿತು. ಕೆಲಸದ ನಡುವೆ ಸ್ವಲ್ಪ ಬಿಡುವು ಸಿಕ್ಕಾಗಲೆಲ್ಲ, ಬಿಡುವೇ ಇಲ್ಲದಿದ್ದರೆ 5 ನಿಮಿಷಕ್ಕೊಮ್ಮೆ, ಪ್ರೋಗ್ರಾಂ ತಾನಾಗಿ ಮೂಲ ಫೈಲಿಗೇ ಬರೆಯುತ್ತದೆ. ಜೊತೆಗೆ ಕಡತ ತೆರೆದಾಗ ಒಂದು, ಕೆಲಸ ನಡೆಯುತ್ತಿರುವಾಗ ಗಂಟೆಗೊಂದರಂತೆ ಹಳೆಯ ಆವೃತ್ತಿಗಳನ್ನು ತೆಗೆದಿಡುತ್ತದೆ. ಇವು ಆಯಾ ಡಿಸ್ಕಿನ ಬುಡದಲ್ಲಿರುವ ಒಂದು ಗುಪ್ತ ಫೋಲ್ಡರಿನಲ್ಲಿರುತ್ತವೆ. ಕಿಟಕಿಯ ಮೇಲಿನ ಪಟ್ಟಿಯಲ್ಲಿ ಕಡತದ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಬೀಗ ಹಾಕಲು, ನಕಲು ಮಾಡಲು, ಹಿಂದಿನ ಸ್ಥಿತಿಗೆ ಮರಳಲು, ಎಲ್ಲ ಆವೃತ್ತಿಗಳನ್ನು ನೋಡಲು ಆಯ್ಕೆಗಳು ಬರುತ್ತವೆ. ಪ್ರೋಗ್ರಾಮರುಗಳ ಪಾಲಿಗೆ ಇದೆಲ್ಲ ಸುಲಭವಿತ್ತು. ಕಡತ ನಿರ್ವಹಣೆಗೆ ಆಪಲ್ ಕೊಡುವ ಎನ್‌ಎಸ್‌ಡಾಕ್ಯುಮೆಂಟ್ ಎಂಬ ಸಿದ್ಧ ಕೋಡ್ (ಕ್ಲಾಸ್) ಬಳಸುವವರು ‘ಆಟೋಸೇವ್ಸ್ ಇನ್ ಪ್ಲೇಸ್’ ಎಂಬ ಒಂದು ಮೆಥಡ್‌ನಿಂದ ‘ಯೆಸ್’ ಹಿಂದಿರುಗಿಸಿದರೆ ಬಹುಪಾಲು ಕೆಲಸ ಮುಗಿಯಿತು.

ವಿದ್ಯುತ್ ಹೋಗಿ, ಪ್ರೋಗ್ರಾಂ ನಿಂತು, ಗಂಟೆಗಟ್ಟಲೆ ಮಾಡಿದ ಕೆಲಸ ಮಣ್ಣುಪಾಲಾಗುವ ಭಯ ಇದರಿಂದ ನಿಜಕ್ಕೂ ಕಡಿಮೆಯಾಯಿತು. ಅದು ಸಣ್ಣ ಸಾಧನೆಯಲ್ಲ. ಇದರ ಬಗ್ಗೆ ದೂರಿದವರೂ ತಾನಾಗಿ ಉಳಿಸುವುದು ಬೇಡವೆಂದು ಹೇಳಿದ್ದು ಕಡಿಮೆ.

ಜೂನ್ ಬಿಲ್ಲಿನಿಂದ ಜುಲೈ ಬಿಲ್ಲು

ತೊಂದರೆ ಎಲ್ಲಿತ್ತೆಂದು ತಿಳಿಯಲು ಒಂದೇ ಕೆಲಸವನ್ನು ಹಂತ ಹಂತವಾಗಿ ನೋಡೋಣ. ಹೋದ ವಾರವಷ್ಟೇ ಮುಟ್ಟಿದ ‘ಜೂನ್ ಬಿಲ್’ ಎಂಬ ಕಡತವಿದೆ. ಈಗ ಜುಲೈ ತಿಂಗಳ ಬಿಲ್ ಬೇಕು. ಯಾರೂ ಖಾಲಿ ಹಾಳೆಯಿಂದ ಶುರುಮಾಡುವುದಿಲ್ಲ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಹೊಸ ಲಗ್ನಪತ್ರಿಕೆ ಹುಟ್ಟುವುದೂ ಹಿಂದಿನ ಲಗ್ನಪತ್ರಿಕೆಯಿಂದಲೇ. ಕಚೇರಿಯ ಜ್ಞಾಪನಾಪತ್ರ ಹುಟ್ಟುವುದು ಕಳೆದ ಸಲದ ಜ್ಞಾಪನಾಪತ್ರದಿಂದಲೇ.

ಲಯನ್‌ಗಿಂತ ಹಿಂದಿನ 10.6ರಲ್ಲಿ ಹೀಗಿತ್ತು: ಜೂನ್ ಬಿಲ್ ತೆರೆ. ತಿಂಗಳು, ಮೊತ್ತ, ದಿನಾಂಕ ತಿದ್ದು. ಫೈಲ್ ಮೆನುವಿನಲ್ಲಿ ‘ಸೇವ್ ಆ್ಯಸ್’ ಒತ್ತು, ‘ಜುಲೈ ಬಿಲ್’ ಎಂದು ಹೆಸರು ಕೊಡು. ಡಿಸ್ಕಿನಲ್ಲಿರುವ ಜೂನ್ ಬಿಲ್ ಮೊದಲಿದ್ದಂತೆಯೇ ಇದೆ, ಪರದೆಯ ಮೇಲಿರುವುದು ಜುಲೈ ಬಿಲ್. ಕಿಟಕಿ ಒಂದೇ.

10.7ರಲ್ಲಿ ಅದೇ ಬಳಕೆದಾರರು ಅದೇ ಕ್ರಮದಲ್ಲಿ ಹೋದರೆ? ತಿದ್ದುತ್ತಿರುವಾಗ ನಡುವೆ ಕ್ಯಾಲ್ಕುಲೇಟರ್ ನೋಡಲು ಕೈಬಿಟ್ಟ ಕ್ಷಣದಲ್ಲೇ ಜುಲೈ ಮೊತ್ತ ಜೂನ್ ಬಿಲ್ಲಿಗೆ ಬರೆದಾಗಿರುತ್ತದೆ. ತಿದ್ದಿ ಮುಗಿಸಿ ಮೆನುವಿಗೆ ಹೋದರೆ ‘ಸೇವ್ ಆ್ಯಸ್’ ಇಲ್ಲ. ‘ಡೂಪ್ಲಿಕೇಟ್’ ಒತ್ತಿದರೆ ಒಂದು ಪ್ರಶ್ನೆ: ಬರೀ ನಕಲು ಮಾಡಬೇಕೇ, ಅಥವಾ ನಕಲು ಮಾಡಿ ಮೂಲವನ್ನು ಹಿಂದಿನ ಸ್ಥಿತಿಗೆ ಮರಳಿಸಬೇಕೇ? ಜೂನ್ ಬಿಲ್ಲಿಗೆ ತಾನೇನೂ ಮಾಡಿಲ್ಲ ಎಂದುಕೊಂಡವರಿಗೆ ‘ಮರಳಿಸುವುದು’ ಅರ್ಥವೇ ಆಗುವುದಿಲ್ಲ. ಭಯವಾಗಿ ಬರೀ ‘ಡೂಪ್ಲಿಕೇಟ್’ ಒತ್ತುತ್ತಾರೆ. ಆಮೇಲೆ ಎರಡನೆಯ ಕಿಟಕಿ ಬರುತ್ತದೆ. ಅದನ್ನು ಮತ್ತೆ ಉಳಿಸಬೇಕು, ಹೆಸರು ಕೊಡಬೇಕು, ಜಾಗ ತೋರಿಸಬೇಕು, ಹಿಂದೆ ಉಳಿದ ಮೊದಲ ಕಿಟಕಿಯನ್ನು ಮುಚ್ಚಬೇಕು. ಕೊನೆಗೆ ಡಿಸ್ಕಿನಲ್ಲಿ ಇರುವುದು: ಜುಲೈ ಅಂಕಿಗಳ ಜುಲೈ ಬಿಲ್, ಮತ್ತು ಜುಲೈ ಅಂಕಿಗಳನ್ನೇ ಹೊತ್ತ ಜೂನ್ ಬಿಲ್.

ಹಂತಗಳು ಹೆಚ್ಚಾದವು ಎಂಬುದು ಕಿರಿಕಿರಿ, ಅಷ್ಟೇ. ನಿಜವಾದ ಹಾನಿ ಕೊನೆಯ ಸಾಲಿನಲ್ಲಿದೆ. ಜೂನ್ ತಿಂಗಳ ಅಂಕಿಗಳು ಕಳೆದುಹೋಗಿಲ್ಲ, ಹಳೆಯ ಆವೃತ್ತಿಗಳಲ್ಲಿ ಭದ್ರವಾಗಿವೆ. ಆದರೆ ‘ಜೂನ್ ಬಿಲ್’ ಎಂಬ ಹೆಸರಿನ ಫೈಲನ್ನು ನಾಳೆ ಯಾರಿಗಾದರೂ ಮೇಲ್ ಮಾಡಿದರೆ ಹೋಗುವುದು ತಪ್ಪು ಅಂಕಿ. ಆವೃತ್ತಿಗಳು ಆ ಡಿಸ್ಕಿಗೆ ಮಾತ್ರ ಸೇರಿದವು. ಮೇಲ್‌ನಲ್ಲಾಗಲಿ ಪೆನ್ ಡ್ರೈವಿನಲ್ಲಾಗಲಿ ಫೈಲಿನ ಜೊತೆ ಹೋಗುವುದಿಲ್ಲ. ಮಾಹಿತಿ ನಷ್ಟ ತಡೆಯಲು ಕಟ್ಟಿದ ವ್ಯವಸ್ಥೆ, ಸದ್ದಿಲ್ಲದೆ ತಪ್ಪು ಹೆಸರಿನ ಕಡತ ಹುಟ್ಟಿಸುವ ದಾರಿಯನ್ನು ತೆರೆಯಿತು. ಫೈಲ್ ಹೋಯಿತೆಂದರೆ ಅದು ಕೂಡಲೇ ತಿಳಿಯುತ್ತದೆ. ತಪ್ಪು ಅಂಕಿ ಹೊತ್ತ ಫೈಲ್ ತಿಂಗಳುಗಳ ನಂತರ ತಿಳಿಯಬಹುದು, ತಿಳಿಯದೆಯೂ ಇರಬಹುದು.

ಬೇರೆ ಮಾಡುವ ನಿರ್ಧಾರ ಯಾವಾಗ ಆಗುತ್ತದೆ

‘ಸೇವ್ ಆ್ಯಸ್’ ಮತ್ತು ‘ಡೂಪ್ಲಿಕೇಟ್’ ಎರಡರ ಫಲವೂ ಒಂದೇ, ಹಳೆಯದೊಂದು ಹೊಸದೊಂದು ಎಂಬ ವಾದ ಆಗ ಕೇಳಿಬಂತು. ಫಲ ನೋಡಿದರೆ ಹೌದು. ವ್ಯತ್ಯಾಸವಿರುವುದು ನಿರ್ಧಾರದ ಹೊತ್ತಿನಲ್ಲಿ. ‘ಡೂಪ್ಲಿಕೇಟ್’ ಸರಿಯಾಗಿ ನಡೆಯಬೇಕಾದರೆ ತಿದ್ದುವ ಮೊದಲೇ ಒತ್ತಬೇಕು. ‘ಸೇವ್ ಆ್ಯಸ್’ ತಿದ್ದಿ ಮುಗಿದ ಮೇಲೆ ಒತ್ತುವಂಥದ್ದು. ಜನ ಬೇರೆ ಪ್ರತಿ ಬೇಕೆಂದು ನಿರ್ಧರಿಸುವುದು ಬಹಳ ಸಲ ತಡವಾಗಿ: ಎರಡು ವಾಕ್ಯ ತಿದ್ದೋಣವೆಂದು ಶುರುಮಾಡಿ, ಅರ್ಧ ಪುಟ ಬದಲಾದಾಗ ‘ಇದು ಬೇರೆಯದೇ ಆಯಿತಲ್ಲ’ ಎನಿಸುತ್ತದೆ. ಹಳೆಯ ವ್ಯವಸ್ಥೆ ಆ ತಡವನ್ನು ಕ್ಷಮಿಸುತ್ತಿತ್ತು. ಉಳಿಸದ ಬದಲಾವಣೆಗಳೆಲ್ಲ ಮೂಲದಿಂದ ದೂರವೇ ಇರುತ್ತಿದ್ದವು. ‘ಸೇವ್’ ಎಂಬ ಹಳೆಯ ಯಂತ್ರಾವಶ್ಯಕತೆಯ ಬೆನ್ನಿಗೆ ಈ ಅನುಕೂಲವೂ ಬೆಳೆದಿತ್ತು, ಅದಕ್ಕೆ ಹೆಸರಿರಲಿಲ್ಲ, ಮೆನುವಿನಲ್ಲಿ ಸಾಲೂ ಇರಲಿಲ್ಲ. ಹೆಸರಿಲ್ಲದ್ದರಿಂದಲೇ ತೆಗೆಯುವಾಗ ಲೆಕ್ಕಕ್ಕೆ ಬರಲಿಲ್ಲವೆಂದು ಕಾಣುತ್ತದೆ.

ಇದರ ಅಣ್ಣತಮ್ಮನಂಥ ಇನ್ನೊಂದು ಅನುಕೂಲವೂ ಹಾಗೆಯೇ ಹೋಯಿತು, ಉಳಿಸದೆ ಮುಚ್ಚುವುದು. ಬಡ್ಡಿ ದರ 9 ಇದ್ದರೆ ಕಂತು ಎಷ್ಟಾದೀತು ಎಂದು ಲೆಕ್ಕದ ಹಾಳೆಯಲ್ಲಿ ಒಂದು ಅಂಕಿ ಬದಲಿಸಿ ನೋಡುವುದು, ಫೋಟೋವನ್ನು ಸುಮ್ಮನೆ ಕತ್ತರಿಸಿ ನೋಡುವುದು, ಆಮೇಲೆ ‘ಉಳಿಸಬೇಡ’ ಎಂದು ಮುಚ್ಚುವುದು. ಅಂಥವರಿಗೆ ಮುಚ್ಚುವಾಗ ಬರುವ ಪ್ರಶ್ನೆ ತೊಂದರೆಯಲ್ಲ, ಕೊನೆಯ ಬಾಗಿಲು. ಲಯನ್‌ನಲ್ಲಿ ಆ ಪ್ರಶ್ನೆಯೇ ಬರುತ್ತಿರಲಿಲ್ಲ. ಆಟಕ್ಕೆ ಹಾಕಿದ ಅಂಕಿ ಫೈಲಿನಲ್ಲಿ ಕೂತುಬಿಡುತ್ತಿತ್ತು.

ಇದನ್ನು ಆಪಲ್ ಊಹಿಸಿರಲಿಲ್ಲವೆಂದಲ್ಲ. ಎರಡು ವಾರ ಮುಟ್ಟದ ಕಡತಕ್ಕೆ ಲಯನ್ ತಾನಾಗಿ ಬೀಗ ಹಾಕುತ್ತಿತ್ತು. ತಿದ್ದಲು ಹೋದರೆ ಬೀಗ ತೆಗೆಯಲೋ, ನಕಲು ಮಾಡಲೋ ಎಂದು ಕೇಳುತ್ತಿತ್ತು. ಹಳೆಯ ಕಡತವನ್ನು ಮಾದರಿಯಾಗಿ ಬಳಸುವವರಿಗೆ ರಕ್ಷಣೆಯಾಗಲೆಂದೇ ಇದು. ಆದರೆ ವಾರಕ್ಕೊಂದು ಪತ್ರ ಬರೆಯುವವರಿಗೆ ಈ ಬೀಗ ಬೀಳುವುದೇ ಇಲ್ಲ, ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕ ತೆರೆಯುವವರಿಗೆ ಪ್ರತಿ ಸಲವೂ ಬೀಳುತ್ತದೆ. ಉದ್ದೇಶವನ್ನು ಕ್ಯಾಲೆಂಡರಿನಿಂದ ಊಹಿಸಲು ಹೋದದ್ದರ ಫಲ ಅದು. ಅವಧಿ ಬದಲಿಸುವ ಸೌಲಭ್ಯ ಇತ್ತು, ಆದರೆ ಬ್ಯಾಕಪ್‌ಗೆ ಸಂಬಂಧಿಸಿದ ಟೈಮ್ ಮಷೀನ್ ಆಯ್ಕೆಗಳೊಳಗೆ. ಕಡತ ತಿದ್ದುತ್ತಿರುವವರು ಅಲ್ಲಿ ಹುಡುಕಲು ಹೋಗುವ ಸಂಭವವೇ ಕಡಿಮೆ.

ದುರಸ್ತಿ, ಮತ್ತು ದುರಸ್ತಿಯ ಒಳಗಿನ ಬಲೆ

10.8ರಲ್ಲಿ ಹಲವು ತಿದ್ದುಪಡಿ ಬಂದವು. ತಾನಾಗಿ ಬೀಳುವ ಬೀಗ ಹೋಯಿತು. ‘ಸೇವ್ ಎ ವರ್ಷನ್’ ಮತ್ತೆ ‘ಸೇವ್’ ಆಯಿತು. ಹೆಸರು ಬದಲಿಸಲು, ಬೇರೆ ಫೋಲ್ಡರಿಗೆ ಸಾಗಿಸಲು ಫೈಲ್ ಮೆನುವಿನಲ್ಲೇ ಪ್ರತ್ಯೇಕ ಸಾಲುಗಳು ಬಂದವು. ಇದು ಒಳ್ಳೆಯ ನಡೆ. ಹಿಂದೆ ಈ ಎರಡು ಕೆಲಸಕ್ಕೂ ಜನ ‘ಸೇವ್ ಆ್ಯಸ್’ ಬಳಸಿ, ಬೇಡದ ಹಳೆಯ ಪ್ರತಿಯನ್ನು ಎಲ್ಲೋ ಬಿಟ್ಟುಬರುತ್ತಿದ್ದರು. ಮುಚ್ಚುವಾಗ ಬದಲಾವಣೆ ಉಳಿಸಬೇಕೇ ಎಂದು ಕೇಳುವಂತೆ ಮಾಡುವ ಆಯ್ಕೆಯೂ ಜನರಲ್ ಸೆಟ್ಟಿಂಗಿನಲ್ಲಿ ಸೇರಿತು.

‘ಸೇವ್ ಆ್ಯಸ್’ ಕೂಡ ಮರಳಿತು, ಆದರೆ ಅದರ ಹಳೆಯ ಶಾರ್ಟ್‌ಕಟ್ ಶಿಫ್ಟ್-ಕಮಾಂಡ್-ಎಸ್ ‘ಡೂಪ್ಲಿಕೇಟ್’ ಪಾಲಾಗಿತ್ತು. ಮೆನು ತೆರೆದು ಆಪ್ಷನ್ ಕೀ ಒತ್ತಿ ಹಿಡಿದರೆ ಮಾತ್ರ ‘ಡೂಪ್ಲಿಕೇಟ್’ ಸಾಲು ‘ಸೇವ್ ಆ್ಯಸ್’ ಆಗಿ ಬದಲಾಗುತ್ತಿತ್ತು. ಕೀಲಿಮಣೆಯಲ್ಲಾದರೆ ಆಪ್ಷನ್-ಶಿಫ್ಟ್-ಕಮಾಂಡ್-ಎಸ್, ನಾಲ್ಕು ಕೀ.

ಬಲೆ ಇದ್ದದ್ದು ಇಲ್ಲಿ. ಮೆನು ಸಾಲು ಮರಳಿತು, ಅದರ ಕೆಳಗಿನ ನೆಲ ಮರಳಲಿಲ್ಲ. ತಾನಾಗಿ ಉಳಿಸುವುದು ಮುಂದುವರಿದಿತ್ತು. ಹಾಗಾಗಿ 10.8ರ ‘ಸೇವ್ ಆ್ಯಸ್’ ಒತ್ತಿದಾಗ ಹೊಸ ಹೆಸರಿನಲ್ಲಿ ಕಡತ ಹುಟ್ಟುತ್ತಿತ್ತು ನಿಜ, ಅಷ್ಟರಲ್ಲಿ ಬದಲಾವಣೆಗಳು ಮೂಲದಲ್ಲೂ ಕೂತಿರುತ್ತಿದ್ದವು. ಹೆಸರು ಹಳೆಯದು, ವರ್ತನೆ ಬೇರೆ. ಇಲ್ಲದ ಆಜ್ಞೆಗಿಂತ ಇದು ಅಪಾಯಕಾರಿ. ಇಲ್ಲದಿದ್ದರೆ ಜನ ಹುಡುಕುತ್ತಾರೆ, ಯೋಚಿಸುತ್ತಾರೆ. ಇದ್ದರೆ ಇಪ್ಪತ್ತೆಂಟು ವರ್ಷದ ಅಭ್ಯಾಸವನ್ನು ನಂಬಿ ಒತ್ತಿ ಮುಂದೆ ಹೋಗುತ್ತಾರೆ. 10.8.2ರಲ್ಲಿ ‘ಸೇವ್ ಆ್ಯಸ್’ ಪೆಟ್ಟಿಗೆಯ ಕೆಳಗೆ ‘ಬದಲಾವಣೆಗಳನ್ನು ಮೂಲ ಕಡತದಲ್ಲೂ ಇರಿಸು’ ಎಂಬರ್ಥದ ಚೆಕ್‌ಬಾಕ್ಸ್ ಬಂದದ್ದು ಇದಕ್ಕೆ ಉತ್ತರವಾಗಿ. ಟಿಕ್ ತೆಗೆದರೆ ಮೂಲ ಹಿಂದಿನ ಸ್ಥಿತಿಗೆ ಹೋಗುತ್ತದೆ. ಈ ಇಡೀ ಪ್ರಕರಣದಲ್ಲಿ ಹಳೆಯ ಫೈಲಿನ ಗತಿ ಏನೆಂದು ನೇರವಾಗಿ ಹೇಳಿದ ಮೊದಲ ಸಾಲು ಅದು. ಅದನ್ನು ಲಯನ್‌ನ ಮೊದಲ ದಿನವೇ ಇಡಬಹುದಿತ್ತು, ಬೇಕಾದ ಹಳೆಯ ಆವೃತ್ತಿ ಆಗಲೂ ಕೈಯಲ್ಲೇ ಇತ್ತು.

ಈ ತೊಡಕು ಆಪಲ್‌ಗೆ ಮಾತ್ರ ಸೇರಿದ್ದಲ್ಲ. 2017ರಲ್ಲಿ ಮೈಕ್ರೋಸಾಫ್ಟ್ ಆಫೀಸಿಗೆ ತಾನಾಗಿ ಉಳಿಸುವ ಆಟೋಸೇವ್ ಬಂದಾಗ, ಅದರ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿರುವ ಕಡತಗಳಿಗೆ ‘ಸೇವ್ ಆ್ಯಸ್’ ಜಾಗದಲ್ಲಿ ‘ಸೇವ್ ಎ ಕಾಪಿ’ ಬಂತು. ಹಳೆಯದನ್ನು ಮಾದರಿಯಾಗಿ ಬಳಸುವವರು ತಿದ್ದುವ ಮೊದಲೇ ಪ್ರತಿ ಮಾಡಿಕೊಳ್ಳಿ ಎಂದು ಮೈಕ್ರೋಸಾಫ್ಟೇ ಸಲಹೆ ಕೊಟ್ಟಿತು. 2021ರಲ್ಲಿ ಫೋಟೋಶಾಪ್ 22.4 ಜೆಪೆಗ್‌ನಂಥ ರೂಪಗಳನ್ನು ‘ಸೇವ್ ಆ್ಯಸ್’ನಿಂದ ತೆಗೆದು ‘ಸೇವ್ ಎ ಕಾಪಿ’ಗೆ ಹಾಕಿತು, 22.4.2ರಲ್ಲಿ ಹಳೆಯ ‘ಸೇವ್ ಆ್ಯಸ್’ ಮರಳಿ ಪಡೆಯುವ ಸೆಟ್ಟಿಂಗ್ ಕೊಟ್ಟಿತು. ಗೂಗಲ್ ಡಾಕ್ಸ್‌ನಲ್ಲಿ ‘ಸೇವ್’ ಎಂಬುದೇ ಇಲ್ಲ, ‘ಮೇಕ್ ಎ ಕಾಪಿ’ ಮಾತ್ರ. ಅಲ್ಲಿ ಈ ಗದ್ದಲ ಕಡಿಮೆ, ಏಕೆಂದರೆ ಬಿಡಿಸಬೇಕಾದ ಹಳೆಯ ಅಭ್ಯಾಸವೂ ಅಲ್ಲಿರಲಿಲ್ಲ. ತಿದ್ದಿದ ಮೇಲೆ ನೆನಪಾಗುವವರ ಪಾಡು ಮಾತ್ರ ಅಲ್ಲೂ ಅದೇ.

ಇಂಥ ಮೆನು ಕಟ್ಟುವವರಿಗೆ

‘ಸೇವ್ ಆ್ಯಸ್’ ಒಂದೇ ಸಾಲಿನಲ್ಲಿ ಐದು ಉದ್ದೇಶ ಸೇರಿಕೊಂಡಿವೆ: ಹೊಸ ಕಡತಕ್ಕೆ ಮೊದಲ ಹೆಸರು, ಹೆಸರು ಬದಲಾವಣೆ, ಜಾಗ ಬದಲಾವಣೆ, ಬೇರೆ ರೂಪಕ್ಕೆ ಪರಿವರ್ತನೆ, ಹಳೆಯದನ್ನು ಬಿಟ್ಟು ಹೊಸದಾಗಿ ಮುಂದುವರಿಯುವುದು. ಮೊದಲ ನಾಲ್ಕನ್ನು ಬೇರೆ ಬೇರೆ ಸಾಲುಗಳಿಗೆ ಹಂಚಬಹುದು, ಹಂಚಬೇಕು. ಪರಿವರ್ತನೆಯನ್ನು ‘ಎಕ್ಸ್‌ಪೋರ್ಟ್’ಗೆ ಕೊಡುವಾಗ ಒಂದು ಎಚ್ಚರ: ಪಿಡಿಎಫ್ ಮಾಡಿದ ಮೇಲೂ ಪರದೆಯ ಮೇಲಿರುವುದು ಮೂಲ ಕಡತವೇ ಎಂಬುದು ಕಿಟಕಿಯ ಹೆಸರಿನಲ್ಲಿ ಕಾಣಬೇಕು. ಐದನೆಯದಕ್ಕೆ ಸ್ವಂತ ಸಾಲು ಬೇಕು. ತಿದ್ದಿ ಮುಗಿದ ಮೇಲೆ ಒತ್ತಿದರೂ ಅದು ಸರಿಯಾಗಿ ನಡೆಯಬೇಕು.

ಹಾಗೆ ನಡೆಯಲು ಒಳಗಡೆ ಬೇಕಾದದ್ದು ಒಂದು ಗುರುತು. ಕಡತ ತೆರೆದ ಕ್ಷಣದ ಸ್ಥಿತಿಯನ್ನು, ಮೊದಲ ಅಕ್ಷರ ಬದಲಾಗುವ ಮೊದಲೇ, ಆವೃತ್ತಿಯಾಗಿ ತೆಗೆದಿಡಿ. ಬಳಕೆದಾರರು ಸ್ವತಃ ‘ಸೇವ್’ ಒತ್ತಿದಾಗಲೆಲ್ಲ ಆ ಗುರುತನ್ನು ಅಲ್ಲಿಗೆ ಮುಂದಕ್ಕೆ ತನ್ನಿ. ತಾನಾಗಿ ಉಳಿಸಿದ್ದು ಗುರುತನ್ನು ಮುಟ್ಟಬಾರದು. ಬೇರೆ ಪ್ರತಿ ಮಾಡಿದಾಗ ಮೂಲವನ್ನು ಆ ಗುರುತಿಗೆ ಮರಳಿಸಿ. ಕೊನೆಯ ಆಟೋಸೇವ್‌ಗೆ ಮರಳಿಸಿದರೆ ಉಪಯೋಗವಿಲ್ಲ, ಜುಲೈ ಅಂಕಿ ಆಗಲೇ ಅಲ್ಲಿರುತ್ತದೆ. ಎಲ್ಲರೂ ಹಂಚಿಕೊಂಡ ಕಡತದಲ್ಲಿ ಮಾತ್ರ ಮೂಲವನ್ನು ಮರಳಿಸುವ ಹಾಗಿಲ್ಲ, ನಡುವೆ ಬೇರೆಯವರೂ ತಿದ್ದಿರಬಹುದು. ಅಲ್ಲಿ ನಿಮ್ಮ ಬದಲಾವಣೆಗಳನ್ನಷ್ಟೇ ಹಿಂತೆಗೆಯಲು ಆಗದಿದ್ದರೆ ಅದನ್ನು ಪೆಟ್ಟಿಗೆಯಲ್ಲೇ ಸ್ಪಷ್ಟವಾಗಿ ಹೇಳಿ.

ಪೆಟ್ಟಿಗೆಯ ಮಾತಿನಲ್ಲಿ ಎರಡೂ ಫೈಲಿನ ಹೆಸರಿರಲಿ. ‘ನಕಲು ಮಾಡಿ ಮರಳಿಸು’ ಎಂದರೆ ಯಾವುದು ಎಲ್ಲಿಗೆ ಮರಳುತ್ತದೆಂದು ತಿಳಿಯದು. ‘ಜುಲೈ ಬಿಲ್‌ನಲ್ಲಿ ಹೊಸ ಬದಲಾವಣೆಗಳು ಇರುತ್ತವೆ. ಜೂನ್ ಬಿಲ್ ಬೆಳಿಗ್ಗೆ 10.40ಕ್ಕೆ ತೆರೆದಾಗ ಇದ್ದಂತೆಯೇ ಇರುತ್ತದೆ’ ಎಂದು ಬರೆದರೆ ಪ್ರಶ್ನೆಯೇ ಉಳಿಯುವುದಿಲ್ಲ. ಚೆಕ್‌ಬಾಕ್ಸ್ ಇಟ್ಟರೆ ಮೂಲ ಬದಲಾಗದಿರುವುದೇ ಮೊದಲ ಸ್ಥಿತಿಯಾಗಿರಲಿ.

ಪರೀಕ್ಷೆಗೆ ಐದಾರು ಜನ ಸಾಕು, ಆದರೆ ಕೆಲಸ ಹೇಳುವ ಮಾತಿನ ಮೇಲೆ ಗಮನವಿರಲಿ. ‘ಇದರ ಪ್ರತಿ ಮಾಡಿ’ ಎಂದರೆ ಉತ್ತರ ಹೇಳಿಕೊಟ್ಟ ಹಾಗೆ. ‘ಇದು ಜೂನ್ ಬಿಲ್, ಜುಲೈ ಬಿಲ್ ಸಿದ್ಧಮಾಡಿ ಕೊಡಿ’ ಎಂದಷ್ಟೇ ಹೇಳಿ, ತಿದ್ದಲು ಏಳೆಂಟು ಅಂಕಿ ಕೊಡಿ, ನಡುವೆ ಒಂದು ಫೋನ್ ಕರೆಯಷ್ಟು ಹೊತ್ತು ತಡೆಯಿರಿ. ಆಟೋಸೇವ್ ನಡೆಯಲು ಸಮಯ ಬೇಕು. ಕೆಲಸ ಮುಗಿದ ಮೇಲೆ ‘ಸರಿ ಹೋಯಿತೇ?’ ಎಂದು ಕೇಳುವುದಕ್ಕಿಂತ ಜೂನ್ ಬಿಲ್ ತೆರೆದು ನೋಡಿ. ಶುರುವಿನಲ್ಲಿ ಆ ಫೈಲಿನ ಚೆಕ್‌ಸಮ್ (ಒಳಗಿನದು ಸ್ವಲ್ಪ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಕೊನೆಯಲ್ಲಿ ಹೋಲಿಸಿದರೆ ಇನ್ನೂ ಖಚಿತ. ಬಳಕೆದಾರರು ತೃಪ್ತರಾಗಿ ಎದ್ದುಹೋಗಿ, ಚೆಕ್‌ಸಮ್ ಬದಲಾಗಿದ್ದರೆ, ಅದೇ ಎಲ್ಲಕ್ಕಿಂತ ಕೆಟ್ಟ ಫಲಿತಾಂಶ.

ಇಂದು ಮ್ಯಾಕ್ ಬಳಸುವವರಿಗೆ ಮೂರು ಸೂಚನೆ. ಸಿಸ್ಟಂ ಸೆಟ್ಟಿಂಗ್ಸ್‌ನ ‘ಡೆಸ್ಕ್‌ಟಾಪ್ ಮತ್ತು ಡಾಕ್’ ವಿಭಾಗದಲ್ಲಿ, ಕಡತ ಮುಚ್ಚುವಾಗ ಬದಲಾವಣೆಗಳ ಬಗ್ಗೆ ಕೇಳುವ ಆಯ್ಕೆಯನ್ನು ಆನ್ ಮಾಡಿಕೊಳ್ಳಿ. ಕೀಬೋರ್ಡ್ ಶಾರ್ಟ್‌ಕಟ್‌ಗಳ ಆ್ಯಪ್ ವಿಭಾಗದಲ್ಲಿ ‘ಸೇವ್ ಆ್ಯಸ್’ ಹೆಸರನ್ನು ಮೆನುವಿನಲ್ಲಿ ಇರುವಂತೆಯೇ, ಕೊನೆಯ ಮೂರು ಚುಕ್ಕಿಗಳ ಸಮೇತ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಶಿಫ್ಟ್-ಕಮಾಂಡ್-ಎಸ್ ಕೊಡಿ. ಚುಕ್ಕಿ ಬಿಟ್ಟರೆ ಕೆಲಸ ಮಾಡುವುದಿಲ್ಲ. ಮಾದರಿಯಾಗಿಯೇ ಬಳಸುವ ಬಿಲ್ಲು, ಪತ್ರ, ಪತ್ರಿಕೆಗಳಿಗಾದರೆ ಫೈಂಡರಿನಲ್ಲಿ ಫೈಲ್ ಆರಿಸಿ ‘ಗೆಟ್ ಇನ್ಫೋ’ ತೆರೆದು ‘ಸ್ಟೇಷನರಿ ಪ್ಯಾಡ್’ ಟಿಕ್ ಮಾಡಿ. ಆಮೇಲೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ತೆರೆಯುವುದು ಅದರ ಪ್ರತಿ, ಮೂಲವಲ್ಲ.